ಮಗಳಿಗೊಂದು ಪತ್ರ: ಲೆವಾಕೊವಿಚ್ ಮತ್ತೆ ಅಜ್ಜಿ ಹಾಡು

ಪುಟ್ಟಿ,

ಕ್ರೊಯೇಶಿಯಾದ ಜಾಗ್ರೆಬ್‌ನಿಂದ ನೀನು ಕಳ್ಸಿದ ಬಾಷ್ಕಾ ಶಾಸನದ ಫೋಟೋ ನೋಡ್ದೆ. 1100ರ ಆಸುಪಾಸಿಂದಂತಲ್ಲ! ಅದರಲ್ಲಿರೋ ಗ್ಲಾಗೊಲಿಟಿಕ್, ಅಂದ್ರೆ ಸ್ಲಾವ್ ಜನರ ಹಳೇ ಲಿಪಿ ಬಗ್ಗೆ ಓದ್ತಾ ಕೂತವಳಿಗೆ ಅಡುಗೆ ಮನೇಲಿ ಹಾಲು ಉಕ್ಕಿದ್ದೇ ಗೊತ್ತಾಗ್ಲಿಲ್ಲ, ಅಷ್ಟ್ರಲ್ಲಿ ರಾಫೆಲ್ ಲೆವಾಕೊವಿಚ್ ಅನ್ನೋನೊಬ್ಬ ಸಿಕ್ಕಿಬಿಟ್ಟಿದ್ದ.

ಜಾಗ್ರೆಬ್ ಹತ್ರದ ಯಾಸ್ತ್ರೆಬಾರ್ಸ್ಕೊದಲ್ಲಿ 1597ರ ಸುಮಾರಿಗೆ ಹುಟ್ಟಿದೋನು, ಫ್ರಾನ್ಸಿಸ್ಕನ್ ಸನ್ಯಾಸಿ. ಆಗ ಕ್ಯಾಥೊಲಿಕ್ ಚರ್ಚ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಕಡೆ ಪೂಜೆ ಲ್ಯಾಟಿನ್‌ನಲ್ಲೇ, ಆದ್ರೆ ಕ್ರೊಯೇಶಿಯಾ ಕರಾವಳಿ, ಕ್ರ್ಕ್ ದ್ವೀಪದ ಕಡೆ ಪಾದ್ರಿಗಳು ಹಳೇ ಸ್ಲಾವ್ ಭಾಷೇಲಿ ಮಾಡ್ತಿದ್ರು, ಪುಸ್ತಕಾನೂ ಇದೇ ಲಿಪೀಲಿ. ಅವರ ಮೊದಲ ಮಿಸ್ಸಾಲ್, ಅಂದ್ರೆ ಪೂಜಾ ಪುಸ್ತಕ, 1483ರಲ್ಲೇ ಅಚ್ಚಾಗಿತ್ತು. ಆಮೇಲೆ 1561ರಿಂದೀಚೆಗೆ ಹೊಸ ಪೂಜಾ ಪುಸ್ತಕಾನೇ ಇಲ್ಲ, ಇದ್ದದ್ದೆಲ್ಲಾ ಜೀರ್ಣ ಆಗೋಗಿತ್ತು. ರೋಮ್‌ನೋರು ಹೊಸ ಪುಸ್ತಕ ಮಾಡೋ ಕೆಲ್ಸ ಲೆವಾಕೊವಿಚ್‌ಗೆ ಒಪ್ಪಿಸಿದ್ರು.

ಇದು ಕೇಳು, ಮಜಾ ಇದೆ. ಜರ್ಮನಿಯ ಉರಾಖ್‌ನಲ್ಲಿ ಪ್ರಾಟೆಸ್ಟೆಂಟರು ತಮ್ಮ ಮತ ಹರಡೋಕೆ ಅಂತ ಮಾಡಿಸಿದ್ದ ಗ್ಲಾಗೊಲಿಟಿಕ್ ಅಚ್ಚಿನ ಮೊಳೆಗಳು ಕೊನೆಗೆ ಕ್ಯಾಥೊಲಿಕ್ ಚಕ್ರವರ್ತಿ ಎರಡನೇ ಫರ್ಡಿನಾಂಡ್ ಕೈ ಸೇರಿ, ಅವನು ಅದನ್ನ ರೋಮ್‌ಗೇ ಉಡುಗೊರೆ ಕೊಟ್ಟ! ಮೊಳೆಗೇನು ಗೊತ್ತು ಯಾವ ಮತ ಅಂತ.

1629ರಲ್ಲಿ ಒಂದು ಅಕ್ಷರಮಾಲೆ ಪುಸ್ತಕ, 1631ರಲ್ಲಿ ಮಿಸ್ಸಾಲ್, 1648ರಲ್ಲಿ ಬ್ರೆವಿಯರಿ, ಅಂದ್ರೆ ಪಾದ್ರಿಗಳು ದಿನಾ ಹೇಳೋ ಪ್ರಾರ್ಥನೆಗಳದ್ದು. ಎಡವಟ್ಟಾಗಿದ್ದು ಇಲ್ಲೇ. ಪೂರ್ವದ ಕಡೆ ಚರ್ಚುಗಳ ಸ್ಲಾವ್ ಭಾಷೇನೇ ಹಳೇದು, ಶುದ್ಧವಾದ್ದು ಅನ್ನೋ ನಂಬಿಕೆ ಆಗ. ಉಕ್ರೇನಿಯನ್ ಬಿಷಪ್ ಮೆಥೋಡಿ ಟೆರ್ಲೆಟ್ಸ್ಕಿ ಜೊತೆ ಸೇರ್ಕೊಂಡು ಲೆವಾಕೊವಿಚ್ ಪಠ್ಯನೆಲ್ಲಾ ಆ ಕಡೆಗೆ ವಾಲಿಸಿಬಿಟ್ಟ. ಕ್ರೊಯೇಶಿಯಾ ಪಾದ್ರಿಗಳು ತಲೆಮಾರಿಂದ ಬಾಯಲ್ಲಿ ಹೇಳ್ಕೊಂಡು ಬಂದ ರೂಪಗಳು ಪುಸ್ತಕದಲ್ಲೇ ಇಲ್ಲ! ಮುಂದೆ 1741ರ ಮಿಸ್ಸಾಲ್ ಇನ್ನೂ ಪೂರ್ವಕ್ಕೆ ಹೋಯ್ತು, ವಾಪಸ್ ಕ್ರೊಯೇಶಿಯನ್ ರೂಪಕ್ಕೆ ತಂದಿದ್ದು ದ್ರಾಗುಟಿನ್ ಪಾರ್ಚಿಚ್, 1893ರಲ್ಲಿ. ಎಷ್ಟು ವರ್ಷ ಆಯ್ತು ಲೆಕ್ಕ ಹಾಕು.

ಅವನನ್ನ ಬೈಯೋಕೆ ಮನಸ್ಸು ಬರಲ್ಲ ನನಗೆ. ಪುಸ್ತಕಾನೇ ಇಲ್ಲದೋರಿಗೆ ಪುಸ್ತಕ ಕೊಟ್ಟೋನು. ಆದ್ರೂ ಹೊಟ್ಟೆ ಉರಿಯತ್ತೆ.

ಅಂದಹಾಗೆ, ಧಾರವಾಡದ ಅಜ್ಜಿ ಹಾಡುಗಳನ್ನ ಟೈಪ್ ಮಾಡಿ ಕಳ್ಸಿದ್ಯಲ್ಲ, ಓದ್ದೆ. ಅಜ್ಜಿ 'ಹೊಂಟಾನ' ಅಂತ ಹಾಡಿದ್ದು ನೀನು 'ಹೊರಟಿದ್ದಾನೆ' ಮಾಡಿದ್ದೀಯ. ಮೊದಲ ಫೈಲ್ ಡಿಲೀಟ್ ಮಾಡಿಲ್ಲ ತಾನೆ? ಇದ್ರೆ ಇವತ್ತೇ ಕಳ್ಸು.

ಇಂತಿ ನಿನ್ನ
ಅಮ್ಮ