ಉಳಿದ ಕಾರ್ಡುಗಳ ಬಗ್ಗೆ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. "ಅಮ್ಮ, ಈಗ ಸಂಬಳ ಬರ್ತಿದೆಯಲ್ಲ, 1975ರ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡ್ ಸೆಟ್ಟಿನಲ್ಲಿ ಬಾಕಿ ಇರೋ ಕಾರ್ಡುಗಳನ್ನೆಲ್ಲ ಒಂದೇ ಸಲ ಕೊಂಡುಬಿಡಲಾ?" ಅಂದೆ. ಕೊಳ್ಳಬಹುದು. ದುಡ್ಡೂ ನಿನ್ನದು, ಸೆಟ್ಟೂ ನಿನ್ನದು. ಆದರೆ ನನ್ನ ಮಾತು ಕೇಳುವುದಾದರೆ ಹಾಗೆ ಮಾಡಬೇಡ. ಇಷ್ಟು ದೂರ ಅದಲು ಬದಲಿನಲ್ಲೇ ಬಂದಿದ್ದೀಯ. ಉಳಿದಿದ್ದನ್ನೂ ಹಾಗೇ ಮುಗಿಸು.

ಒಂದು ಲೆಕ್ಕ ಹೇಳುತ್ತೇನೆ, ನಿನಗೆ ಇಂಥವು ಇಷ್ಟ. ಆ ಸೆಟ್ಟಿನಲ್ಲಿ 660 ಕಾರ್ಡು. 1975ರಲ್ಲಿ ಯಾರೋ ಒಬ್ಬ ಹುಡುಗಿ ಬರೀ ಪ್ಯಾಕೆಟ್ಟು ಕೊಂಡೇ ಸೆಟ್ಟು ತುಂಬಿಸಲು ಹೊರಟಳು ಅಂದುಕೋ. ಯಾವ ಕಾರ್ಡು ಬರುತ್ತದೆ ಅನ್ನುವುದು ಪೂರ್ತಿ ಅದೃಷ್ಟ ಅಂತ ಇಟ್ಟುಕೊಂಡರೆ, ಅರ್ಧ ಸೆಟ್ಟು ಆಗಲು ಸರಾಸರಿ 457 ಕಾರ್ಡು ಸಾಕು. ಪೂರ್ತಿ ಆಗಲು? ಸುಮಾರು 4,670 ಬೇಕು. ಅದರಲ್ಲಿ ಕೊನೆಯ ಹತ್ತು ಕಾರ್ಡಿಗೇ 1,900ಕ್ಕಿಂತ ಜಾಸ್ತಿ. ಕಟ್ಟಕಡೆಯ ಒಂದೇ ಒಂದು ಕಾರ್ಡಿಗೆ ಇನ್ನೂ 660. ಅಷ್ಟು ಹೊತ್ತಿಗೆ ಅವಳ ಮನೆಯಲ್ಲಿ ನಾಲ್ಕು ಸಾವಿರ ಡಬಲ್ಸ್, ಅಂದರೆ ಇದ್ದ ಕಾರ್ಡೇ ಮತ್ತೆ ಬಂದವು, ಬಿದ್ದಿರುತ್ತವೆ. ಪಕ್ಕದ ಬೀದಿಯ ಹುಡುಗನ ಮನೆಯಲ್ಲೂ ಡಬಲ್ಸ್ ರಾಶಿ ಇರುತ್ತದೆ, ಆದರೆ ಅವನಿಗೆ ಬೇಕಾದದ್ದು ಇವಳ ಹತ್ತಿರ, ಇವಳಿಗೆ ಬೇಕಾದದ್ದು ಅವನ ಹತ್ತಿರ. ಇಬ್ಬರೂ ಒಂದು ಮೆಟ್ಟಿಲ ಮೇಲೆ ಕೂತರೆ ಸಾವಿರಾರು ಕಾರ್ಡಿನ ಖರ್ಚು ಉಳಿಯಿತು. ಪ್ಯಾಕೆಟ್ಟು ಅರ್ಧ ಸೆಟ್ಟು ಕೊಡುತ್ತದೆ. ಇನ್ನರ್ಧ ಕೊಡುವುದು ಜನ.

ನಿನ್ನ ಸೆಟ್ಟಿನಲ್ಲಿ ಇನ್ನೊಂದು ಒಳ್ಳೆಯ ವಿಷಯ ಇದೆ. 1973ರವರೆಗೆ ಟಾಪ್ಸ್‌ನವರು ಕಾರ್ಡುಗಳನ್ನು ಕಂತು ಕಂತಾಗಿ ಬಿಡುತ್ತಿದ್ದರು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತಾ ಬಂದಿರುತ್ತಿತ್ತು, ಮಕ್ಕಳ ಗಮನ ಫುಟ್‌ಬಾಲ್ ಕಡೆ ಹೋಗಿರುತ್ತಿತ್ತು. ಹಾಗಾಗಿ ಹಳೆಯ ಸೆಟ್ಟುಗಳ ದೊಡ್ಡ ನಂಬರುಗಳು ಈಗ ಸಿಗುವುದು ಕಷ್ಟ. 1974ರಿಂದ ಎಲ್ಲವನ್ನೂ ಒಟ್ಟಿಗೇ ಬಿಟ್ಟರು. ಮುದ್ರಣದ ಹಾಳೆಗೆ 132 ಕಾರ್ಡು, ಐದು ಹಾಳೆಗೆ 660, ಎಲ್ಲವೂ ಸಮ ಸಮ. ಸೆಟ್ಟಿನ ಕಾರ್ಡುಗಳನ್ನೇ ಪಟ್ಟಿ ಮಾಡಿರುವ ನಿನ್ನ ಚೆಕ್‌ಲಿಸ್ಟ್ ಕಾರ್ಡುಗಳು ಐದು ಇರುವುದೂ, ಒಂದೊಂದರಲ್ಲಿ 132 ಹೆಸರು ಇರುವುದೂ ನೋಡಿದ್ದೀಯಲ್ಲ? ಆಮೇಲೆ 1978ರಿಂದ 1981ರವರೆಗೆ 726 ಕಾರ್ಡು ಮಾಡಿದರು. ಆರು ಹಾಳೆಯಲ್ಲಿ 792 ಜಾಗ. ಹೆಚ್ಚಿಗೆ ಉಳಿದ 66 ಜಾಗಕ್ಕೆ 66 ಕಾರ್ಡನ್ನು ಎರಡೆರಡು ಸಲ ಹಾಕಿದರು. ನಿನ್ನ ಸೆಟ್ಟಿನಲ್ಲಿ ಆ ತಂಟೆಯೂ ಇಲ್ಲ. ನಿನಗೆ ಸಿಗದ ಕಾರ್ಡು ಅಪರೂಪದ್ದಲ್ಲ. ಅದು ಯಾರದೋ ಡಬಲ್ಸ್ ಡಬ್ಬದಲ್ಲಿ ಸುಮ್ನೆ ಕೂತಿದೆ.

ನಿಜವಾಗಿ ಸಿಗದ ಕಾರ್ಡು ಅಂದರೆ ಯಾವುದು ಗೊತ್ತಾ? ಚೂಯಿಂಗ್ ಗಮ್ ಜೊತೆ ಕಾರ್ಡು ಕೊಡುತ್ತಿದ್ದ ಬಾಸ್ಟನ್ನಿನ ಗೌಡೀ ಗಮ್ ಕಂಪನಿ 1933ರಲ್ಲಿ 240ರವರೆಗೆ ನಂಬರು ಹಾಕಿದ ಸೆಟ್ಟು ಬಿಟ್ಟಿತು. ಅದರಲ್ಲಿ 106ನೇ ನಂಬರು ಇರಲೇ ಇಲ್ಲ. ಮಕ್ಕಳು ಅದನ್ನು ಹುಡುಕುತ್ತಾ ಗಮ್ಮು ಕೊಳ್ಳುತ್ತಲೇ ಇರಲಿ ಅಂತ ಬೇಕೆಂದೇ ಬಿಟ್ಟರು ಅಂತಾರೆ. ಜನ ಬಿಡಲಿಲ್ಲ. 106 ಎಲ್ಲಿ ಅಂತ ಕಾಗದ ಬರೆದರು. ಕೊನೆಗೆ 1934ರಲ್ಲಿ ಕಂಪನಿ ಆ ಕಾರ್ಡನ್ನು ಮುದ್ರಿಸಿ, ಕಾಗದ ಬರೆದವರಿಗೆ ಅಂಚೆಯಲ್ಲಿ ಕಳಿಸಿತು. ಪೇಪರ್ ಕ್ಲಿಪ್ ಸಿಕ್ಕಿಸಿ ಕಳಿಸಿದ್ದರಿಂದ ಇವತ್ತಿಗೂ ಕೆಲವು ಕಾರ್ಡುಗಳ ಮೇಲೆ ಕ್ಲಿಪ್ಪಿನ ಗುರುತು ಕಾಣುತ್ತದೆ. ಅದರ ಮೇಲಿದ್ದವನು ನಮ್ಮ ಕ್ಲೀವ್‌ಲ್ಯಾಂಡಿನ ನ್ಯಾಪ್ ಲಾಜೊಯ್, 1916ರಲ್ಲೇ ಆಟ ಬಿಟ್ಟವನು. ಒಂದು ಕಾಲಕ್ಕೆ ಇಲ್ಲಿನ ತಂಡವನ್ನೇ ಅವನ ಹೆಸರಿನಿಂದ ನ್ಯಾಪ್ಸ್ ಅಂತ ಕರೆಯುತ್ತಿದ್ದರು. ಒಂದು ಖಾಲಿ ಜಾಗಕ್ಕಾಗಿ ಕಾಗದ ಬರೆದವರನ್ನು ನೆನೆದರೆ ನನಗೆ ತುಂಬಾ ಪ್ರೀತಿ ಬರುತ್ತದೆ. ನೀನೂ ಅಂಥವಳೇ.

ನೀನೀಗ ನ್ಯೂಯಾರ್ಕಿನಲ್ಲಿದ್ದೀಯ. ಒಂದು ಭಾನುವಾರ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗು. ಜೆಫರ್ಸನ್ ಬರ್ಡಿಕ್ ಅನ್ನುವವರು ಕೊಟ್ಟ ಕಾರ್ಡುಗಳಲ್ಲಿ ಕೆಲವನ್ನು ಅಮೆರಿಕನ್ ವಿಂಗ್‌ನಲ್ಲಿ ಬದಲಾಯಿಸಿ ಬದಲಾಯಿಸಿ ಇಡುತ್ತಾರೆ. ಬರ್ಡಿಕ್ ಸಿರಕ್ಯೂಸ್ ಊರಿನವರು. ಸಂಧಿವಾತದಿಂದ ಕೈಬೆರಳೇ ನೆಟ್ಟಗಾಗದ ಮನುಷ್ಯ. ಮೂರು ಲಕ್ಷಕ್ಕೂ ಮಿಕ್ಕಿ ಮುದ್ರಿತ ಚೀಟಿ, ಕಾರ್ಡು ಕೂಡಿಸಿದ್ದರು, ಬೇಸ್‌ಬಾಲ್‌ದೇ ಸುಮಾರು ಮೂವತ್ತು ಸಾವಿರ. ಎಲ್ಲವನ್ನೂ ಮ್ಯೂಸಿಯಂಗೆ ಕೊಟ್ಟು, ತಾವೇ ಅಲ್ಲಿ ಕೂತು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು, ಮಾರ್ಚಿನಲ್ಲಿ ಅವರು ತೀರಿಕೊಂಡರು.

ಆದರೆ ನಾನು ಅವರನ್ನು ನೆನೆಯುವುದು ಕೂಡಿಸಿದ್ದಕ್ಕಲ್ಲ, ಪಟ್ಟಿ ಮಾಡಿದ್ದಕ್ಕೆ. 1930ರ ದಶಕದಲ್ಲಿ ಈ ಹವ್ಯಾಸದವರು ಊರಿಗೊಬ್ಬರು ಇದ್ದರೆ ಹೆಚ್ಚು. ಅಂಚೆಯಲ್ಲೇ ಎಲ್ಲ ವ್ಯವಹಾರ. "ಆ ಸಿಗರೇಟಿನ ಜೊತೆ ಬರ್ತಿತ್ತಲ್ಲ, ಬಿಳಿ ಅಂಚಿನದು" ಅಂತ ಬರೆದರೆ ಇನ್ನೊಬ್ಬನಿಗೆ ಹೇಗೆ ಗೊತ್ತಾಗಬೇಕು? ಬರ್ಡಿಕ್ ಪ್ರತಿ ಸೆಟ್ಟಿಗೂ ಒಂದು ಅಕ್ಷರ, ಒಂದು ನಂಬರು ಕೊಟ್ಟರು. ಇಪ್ಪತ್ತನೇ ಶತಮಾನದ ತಂಬಾಕಿನ ಕಾರ್ಡಿಗೆ ಟಿ. ಹೋನಸ್ ವ್ಯಾಗ್ನರ್ ಕಾರ್ಡು ಇರುವ ಆ ಹೆಸರಾಂತ ಸೆಟ್ಟನ್ನು ಇವತ್ತಿಗೂ ಟಿ206 ಅಂತ ಕರೆಯುವುದು ಅದರಿಂದಲೇ. ಮುಖ ನೋಡದ ಇಬ್ಬರು ಒಂದೇ ಕಾರ್ಡಿನ ಬಗ್ಗೆ ಮಾತಾಡುತ್ತಿದ್ದೇವೆ ಅಂತ ನಂಬಲು ಸಾಧ್ಯವಾಯಿತು. ಬೇಕಾದ ಕಾರ್ಡುಗಳ ನಂಬರು ಬರೆದು ನೀನು ಕಳಿಸುವ ವಾಂಟ್ ಲಿಸ್ಟ್‌ಗೂ ಬೇರು ಅಲ್ಲೇ ಇದೆ.

ಹಾಗಾಗಿ ಆ ಪಟ್ಟಿಯನ್ನು ನೀಟಾಗಿ ಇಟ್ಟುಕೋ. ವರ್ಷ, ಕಂಪನಿ, ಕೆಳಗೆ ನಂಬರುಗಳು ಸಾಲಾಗಿ. ಯಾರಾದರೂ ಕಳಿಸುತ್ತೇನೆ ಅಂದ ಕೂಡಲೇ ಆ ನಂಬರಿಗೆ ಗುರುತು ಹಾಕು, ಬಂದು ಸೇರಿದ ಮೇಲೆ ಹೊಡೆದುಹಾಕು. ಇಲ್ಲದಿದ್ದರೆ ಒಂದೇ ಕಾರ್ಡನ್ನು ಇಬ್ಬರು ಕಳಿಸುತ್ತಾರೆ, ಇಬ್ಬರಿಗೂ ಬೇಜಾರು.

2018ರಲ್ಲಿ ಇಲ್ಲಿ ಐ-ಎಕ್ಸ್ ಸೆಂಟರ್‌ನಲ್ಲಿ ನ್ಯಾಷನಲ್ ಅನ್ನುವ ದೊಡ್ಡ ಕಾರ್ಡ್ ಮೇಳ ನಡೆದಾಗ ಹೋಗಿದ್ದೆವಲ್ಲ. ಆ ಹಾಲ್ ತುಂಬಾ ಗಾಜಿನ ಪೆಟ್ಟಿಗೆ, ದುಬಾರಿ ಕಾರ್ಡು, ಬೆಲೆಯದೇ ಮಾತು. ಒಂದು ಮೂಲೆಯಲ್ಲಿ ಒಬ್ಬ ಅಜ್ಜ ಉದ್ದನೆಯ ಬಿಳಿ ರಟ್ಟಿನ ಡಬ್ಬಗಳಲ್ಲಿ 1975ರ ಕಾರ್ಡುಗಳನ್ನು ನಂಬರು ಪ್ರಕಾರ ಜೋಡಿಸಿ ಕೂತಿದ್ದರು. ನೀನು ಪಟ್ಟಿ ತೆಗೆದೆ. ಅವರೂ ಅಂಗಿ ಜೇಬಿನಿಂದ ಮಡಿಚಿದ ಪಟ್ಟಿ ತೆಗೆದರು. ಅವರಿಗೆ ಬೇಕಿದ್ದದ್ದು 1981ರ ಫ್ಲೀರ್ ಕಂಪನಿಯ ಸೆಟ್ಟಿನ ಮಾಮೂಲಿ ಆಟಗಾರರು, ನಿನ್ನ ಡಬಲ್ಸ್‌ನಲ್ಲಿ ಇದ್ದವು. ಅವರು ನಂಬರು ಓದಿದರು, ನೀನು ಇದೆ, ಇಲ್ಲ ಅಂದೆ. ಆಮೇಲೆ ನೀನು ಓದಿದೆ, ಅವರು ಡಬ್ಬದಲ್ಲಿ ಬೆರಳಾಡಿಸಿ ತೆಗೆದಿಟ್ಟರು. ಒಂದು ಚೆಕ್‌ಲಿಸ್ಟ್ ನಂಬರು ಬಂದಾಗ ಎರಡು ಕಾರ್ಡು ಮುಂದಿಟ್ಟರು. ಒಂದು ಸ್ವಚ್ಛ. ಇನ್ನೊಂದರ ಪುಟ್ಟ ಪುಟ್ಟ ಚೌಕಗಳಲ್ಲಿ ಯಾವುದೋ ಮಗು ಪೆನ್ಸಿಲ್ಲಿನಿಂದ ಗುರುತು ಹಾಕಿತ್ತು, ಕೆಲವು ಚೌಕದಿಂದ ಆಚೆ ಹೋಗಿದ್ದವು. ಗುರುತು ಹಾಕಿದ್ದಕ್ಕೆ ಬೆಲೆ ಕಮ್ಮಿ ಅಂತ ಅವರೇ ಹೇಳಿದರು. ನೀನು ಅದನ್ನೇ ತೆಗೆದುಕೊಂಡೆ. ಅವತ್ತು ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಆಯಿತು ಅಂತ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ದಾವಣಗೆರೆಯಲ್ಲಿ ನಿನ್ನ ಮಾವ ಬೆಂಕಿಪೊಟ್ಟಣದ ಚಿತ್ರಗಳನ್ನು ಹೀಗೇ ಅದಲು ಬದಲು ಮಾಡುತ್ತಿದ್ದ. ಅಲ್ಲಿ ಪೂರ್ತಿ ಸೆಟ್ಟು ಅಂತ ಇರಲಿಲ್ಲ, ಹಾಗಾಗಿ ಮುಗಿಯುವ ಖುಷಿಯೂ ಇರಲಿಲ್ಲ. ನಿನಗೆ ಅದು ಇದೆ.

ಅಂಚೆಯಲ್ಲಿ ಕಳಿಸುವ ವಿಷಯ. ಹೊಸಬರಾದವರು ಮೊದಲು ಕಳಿಸಬೇಕು, ಅದು ಈ ಬಳಗದ ಪದ್ಧತಿ. ಬೇಸರ ಮಾಡಿಕೊಳ್ಳಬೇಡ. ಮೊದಲು ಕಾರ್ಡನ್ನು ಪೆನ್ನಿ ಸ್ಲೀವ್‌ಗೆ, ಅಂದರೆ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹಾಕು, ಆಮೇಲೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚಕ್ಕೆ. ಅದರ ಬಾಯಿಗೆ ಬಣ್ಣ ಹೊಡೆಯುವವರು ಬಳಸುವ ನೀಲಿ ಟೇಪು ಹಾಕಿ, ತುದಿ ಒಂಚೂರು ಮಡಿಚು, ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ಸಾದಾ ಅಂಟು ಟೇಪು ಬೇಡವೇ ಬೇಡ. ಅದನ್ನು ಬಿಚ್ಚುವಾಗ ಬ್ಲೇಡು ತೆಗೆದುಕೊಳ್ಳುತ್ತಾರೆ, ಅಂಟು ಕಾರ್ಡಿಗೆ ತಾಗುತ್ತದೆ. ಗಟ್ಟಿ ಲಕೋಟೆಗೆ ಅಂಚೆಯವರು ಸ್ವಲ್ಪ ಜಾಸ್ತಿ ಸ್ಟಾಂಪು ಕೇಳುತ್ತಾರೆ, ಹಚ್ಚು. ಒಳಗೆ ಎರಡು ಸಾಲು ಕೈಯಲ್ಲಿ ಬರೆದು ಹಾಕು.

ಕಾರ್ಡಿನ ಸ್ಥಿತಿ ಇದ್ದದ್ದು ಇದ್ದ ಹಾಗೆ ಹೇಳು. 1975ರ ಕಾರ್ಡಿಗೆ ಎರಡು ಬಣ್ಣದ ಅಂಚು, ಮೂಲೆ ಸ್ವಲ್ಪ ಸವೆದರೂ ಒಳಗಿನ ಬಿಳಿ ಎದ್ದು ಕಾಣುತ್ತದೆ. ಫೋಟೋದಲ್ಲಿ ಕಾಣದ ಮಡಿಕೆ ಇದ್ದರೆ ಮೊದಲೇ ಬರೆದು ತಿಳಿಸು. ಇನ್ನೊಂದು, ಎದುರಿಗಿರುವುದು ಚಿಕ್ಕ ಮಗು ಆಗಿದ್ದರೆ ಅದರ ಕೈಲಿರುವ ಕಾರ್ಡಿನ ಬೆಲೆ ಏನು ಅಂತ ಮೊದಲು ಹೇಳಿ, ಆಮೇಲೆ ವ್ಯಾಪಾರಕ್ಕೆ ಕೂರು. ದೊಡ್ಡವರ ಜೊತೆ ರೂಪಾಯಿಗೆ ರೂಪಾಯಿ ಲೆಕ್ಕ ಹಾಕುತ್ತಾ ಕೂರಬೇಡ. ನಿನ್ನ ಮೂರು ಮಾಮೂಲಿ ಕಾರ್ಡು ಅವರ ಪಟ್ಟಿಯ ಕೊನೆಯ ಮೂರು ಆಗಿದ್ದರೆ, ಅವರಿಗೆ ಅವು ಸ್ಟಾರ್ ಕಾರ್ಡಿಗಿಂತ ಮೇಲು. ಹಾಗೇ ನಿನಗೂ.

228ನೇ ನಂಬರು ಮಾತ್ರ ಬೇರೆ ಮಾತು. ಹೆಸರಾಂತ ಆಟಗಾರ ಜಾರ್ಜ್ ಬ್ರೆಟ್‌ನ ಮೊದಲ ಕಾರ್ಡು, ಅದಕ್ಕೆ ಸಮನಾಗಿ ಕೊಡಲು ನಮ್ಮ ಡಬ್ಬದಲ್ಲಿ ಏನೂ ಇಲ್ಲ. 223ರ ರಾಬಿನ್ ಯೌಂಟ್‌ನನ್ನು ಹೇಗೋ ಸಂಪಾದಿಸಿದೆವು. ಬ್ರೆಟ್‌ನನ್ನು ನಿನ್ನ ಸಂಬಳದಲ್ಲಿ ಕೊಂಡುಕೋ. ಮೂಲೆ ಸ್ವಲ್ಪ ಸವೆದಿದ್ದರೆ ಅಗ್ಗಕ್ಕೆ ಸಿಗುತ್ತದೆ, ಆಲ್ಬಮ್ಮಿನಲ್ಲಿ ಕೂತರೆ ಚೆನ್ನಾಗಿಯೇ ಕಾಣುತ್ತದೆ. ಹ್ಯಾಂಕ್ ಆರನ್ ಒಂದನೇ ನಂಬರಿನಲ್ಲೂ ಇದ್ದಾನೆ, 660ರಲ್ಲೂ ಇದ್ದಾನೆ, ಎರಡೂ ನಿನ್ನ ಹತ್ತಿರ ಇವೆ. ಹಾಳೆಗೆ ಒಂಬತ್ತು ಜೇಬಿನ ಲೆಕ್ಕದಲ್ಲಿ ಎಪ್ಪತ್ತಮೂರು ಹಾಳೆ ತುಂಬಿ, ಎಪ್ಪತ್ತನಾಲ್ಕನೆಯದರಲ್ಲಿ ಮೂರೇ ಕಾರ್ಡು ಬರುತ್ತವೆ. ಒಂದು ಹಾಳೆ ಜಾಸ್ತಿ ತರಿಸಿಟ್ಟುಕೋ.

ಡಬಲ್ಸ್ ಡಬ್ಬ ಇಲ್ಲಿ ನಿನ್ನ ಅಲಮಾರದಲ್ಲೇ ಇದೆ. ಈ ವಾರ ಕೂತು ನಂಬರು ಪ್ರಕಾರ ಜೋಡಿಸಿ ಬರೆದು ಕಳಿಸುತ್ತೇನೆ. ನಿನ್ನ ಹೊಸ ಪಟ್ಟಿಯನ್ನು ನನಗೂ ಒಂದು ಕಳಿಸು. ಮುಂದಿನ ತಿಂಗಳು ಇಲ್ಲಿ ಚಿಕ್ಕ ಕಾರ್ಡ್ ಶೋ ಇದೆ, ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಊಟ ಹೊತ್ತಿಗೆ ಸರಿಯಾಗಿ ಮಾಡು.

ಪ್ರೀತಿಯಿಂದ,
ನಿನ್ನ ಅಮ್ಮ