ಹಿತ್ತಲ ಗೇಟು ತೆರೆದಿಟ್ಟವರಿಗೆ

ಸೊಂಟದ ಕೀಲು ಬದಲಿಸುವ ಆಪರೇಷನ್ ಆದಮೇಲೆ ಈ ವಾರ ಮೊದಲ ಸಲ ಊರುಗೋಲಿಲ್ಲದೆ ಗುಡ್ಡ ಹತ್ತಿ ಇಳಿದೆ. ಡಾಕ್ಟರಿಗೆ, ವ್ಯಾಯಾಮ ಮಾಡಿಸಿದವರಿಗೆ, ಸಾರು ಪಲ್ಯ ಮಾಡಿ ತಂದುಕೊಟ್ಟ ಫೀನಿಕ್ಸ್‌ನ ಕನ್ನಡ ಗೆಳೆಯರಿಗೆ ಎದುರಿಗೇ ಥ್ಯಾಂಕ್ಸ್ ಹೇಳಿದ್ದೇನೆ. ಇನ್ನೂ ಕೆಲವರು ಉಳಿದಿದ್ದಾರೆ. ಅವರಲ್ಲಿ ಎಷ್ಟೋ ಜನರ ಹೆಸರೂ ನನಗೆ ಗೊತ್ತಿಲ್ಲ. ಅರಿಜೋನಾದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ಗಡಿಯ ಹತ್ತಿರ, ಹಕ್ಕಿ ನೋಡಲು ಬರುವ ಅಪರಿಚಿತರನ್ನು ತಮ್ಮ ಹಿತ್ತಲಿಗೆ ಬಿಟ್ಟುಕೊಳ್ಳುವ ಮನೆಯವರು ಅವರು.

ಹಕ್ಕಿ ನೋಡುವುದು ಅಂದರೆ ನಡೆಯುವುದು. ಅದೇ ಸಾಧ್ಯವಿಲ್ಲ ಅಂದಾಗ ದುರ್ಬೀನು ಕೈಗೆತ್ತಿಕೊಳ್ಳಲೂ ಮನಸ್ಸಾಗುತ್ತಿರಲಿಲ್ಲ. ಈ ಹಿತ್ತಲುಗಳಲ್ಲಿ ಮಾತ್ರ ನಡೆಯಬೇಕಾಗಿಲ್ಲ. ಸಕ್ಕರೆ ನೀರಿನ ಫೀಡರ್ ನೇತುಹಾಕಿರುತ್ತಾರೆ. ನಾವು ಕೂತಿದ್ದರೆ ಸಾಕು, ಮಕರಂದ ಹೀರುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ತಾನಾಗಿ ಬರುತ್ತದೆ. ನಮ್ಮೂರಲ್ಲಿ ದಾಸವಾಳಕ್ಕೆ ಬರುವ ಸೂರಕ್ಕಿಯನ್ನು ಕೆಲವರು ಹಮ್ಮಿಂಗ್‌ಬರ್ಡ್ ಅನ್ನುತ್ತಾರೆ. ಅದರ ಕುಟುಂಬವೇ ಬೇರೆ. ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ.

ಈ ಪದ್ಧತಿಗೆ ಹೆಸರು ತಂದವರು ಪ್ಯಾಟಗೋನಿಯಾ ಎಂಬ ಪುಟ್ಟ ಊರಿನ ವಾಲಿ ಮತ್ತು ಮೇರಿಯನ್ ಪೇಟನ್ ದಂಪತಿ. 1970ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿ, ಫೀಡರ್ ಹಾಕಿದರು. ಜನ ಬೇಲಿಯಾಚೆಯಿಂದ ಇಣುಕಿ ನೋಡತೊಡಗಿದರು. ಬೇರೆ ಯಾರಾದರೂ ಬೇಲಿ ಎತ್ತರಿಸುತ್ತಿದ್ದರೇನೋ. ಇವರು ಒಳಗೆ ಕರೆದರು. ಬೆಂಚು ಹಾಕಿದರು, ನೆರಳು ಮಾಡಿದರು, ಸಕ್ಕರೆಯ ಖರ್ಚಿಗೆ ಇಷ್ಟವಿದ್ದವರು ಹಾಕಲಿ ಅಂತ ಒಂದು ಡಬ್ಬಿ ಇಟ್ಟರು. ಅಷ್ಟೇ. ವಾಲಿ 2001ರಲ್ಲಿ ತೀರಿಕೊಂಡರು. ಮೇರಿಯನ್ 2009ರಲ್ಲಿ ಹೋಗುವವರೆಗೂ ಗೇಟು ಮುಚ್ಚಲಿಲ್ಲ. 2014ರಿಂದ ಹಕ್ಕಿಗಳ ಸಂರಕ್ಷಣೆಯ ಟೂಸಾನ್ ಆಡುಬಾನ್ ಸಂಸ್ಥೆ (ಈಗಿನ ಹೆಸರು ಟೂಸಾನ್ ಬರ್ಡ್ ಅಲಯನ್ಸ್) ಆ ಜಾಗವನ್ನು ನೋಡಿಕೊಳ್ಳುತ್ತಿದೆ. ವಯಲೆಟ್-ಕ್ರೌನ್ಡ್ ಹಮ್ಮಿಂಗ್‌ಬರ್ಡ್ ನೋಡಬೇಕೆಂದರೆ ಅಮೆರಿಕದಲ್ಲಿ ಎಲ್ಲರೂ ಮೊದಲು ಹೇಳುವುದು ಈ ಹಿತ್ತಲನ್ನೇ. ನೇರಳೆ ನೆತ್ತಿ, ಕೆಂಪು ಕೊಕ್ಕು, ಗಂಟಲಿಂದ ಹೊಟ್ಟೆಯವರೆಗೆ ಅಚ್ಚ ಬಿಳಿ. ಆಪರೇಷನ್ ಆದಮೇಲೆ ನಾನು ಮನಸ್ಸಿಟ್ಟು ನೋಡಿದ ಮೊದಲ ಹಕ್ಕಿ ಅದು.

ಹುವಾಚುಕಾ ಬೆಟ್ಟದ ಬುಡದ ಆ್ಯಶ್ ಕ್ಯಾನ್ಯನ್‌ನಲ್ಲಿ ಮೇರಿ ಜೋ ಬ್ಯಾಲೇಟರ್ ಕೂಡ ಹೀಗೇ ವರ್ಷಗಟ್ಟಲೆ ತಮ್ಮ ಮನೆಯಂಗಳ ಬಿಟ್ಟುಕೊಟ್ಟಿದ್ದರು. ಬಾಗಿದ ಕೊಕ್ಕಿನ ಲೂಸಿಫರ್ ಹಮ್ಮಿಂಗ್‌ಬರ್ಡ್‌ಗೆ ಹೆಸರಾದ ಜಾಗ. 2019ರಲ್ಲಿ ಅವರು ತೀರಿಕೊಂಡರು. ಈಗ ಅದು ಪಕ್ಷಿಧಾಮ.

ಇವೆರಡೂ ಎಲ್ಲರಿಗೂ ಗೊತ್ತಿರುವ ಜಾಗಗಳು. ನನಗೆ ಜಾಸ್ತಿ ಹೇಳಬೇಕಾಗಿರುವುದು ಇನ್ನೊಂದು ಮನೆಯ ಬಗ್ಗೆ. ಪ್ಲೇನ್-ಕ್ಯಾಪ್ಡ್ ಸ್ಟಾರ್‌ಥ್ರೋಟ್ ಎಂಬ ಉದ್ದ ಕೊಕ್ಕಿನ, ಬೆನ್ನಿನ ಮೇಲೆ ಬಿಳಿ ಗೆರೆಯ ಹಮ್ಮಿಂಗ್‌ಬರ್ಡ್ ಮೆಕ್ಸಿಕೋದಿಂದ ಅಪರೂಪಕ್ಕೆ ಈ ಕಡೆ ಬರುತ್ತದೆ. ಅದು ಆ ಮನೆಯ ಫೀಡರ್‌ಗೆ ಬಂದಿತ್ತು. ಬೆಳಗಾದರೆ ಜನ. ರಸ್ತೆಯಲ್ಲೇ ಕಾರು ನಿಲ್ಲಿಸಿ, ಗೇಟು ಹಾಕಿಕೊಂಡು ಬನ್ನಿ, ಮೆಲ್ಲಗೆ ಮಾತಾಡಿ ಎಂದಷ್ಟೇ ಬರೆದು ಅಂಟಿಸಿದ್ದರು. ಕೀಲು ಬದಲಿಸಿದವರು ತಗ್ಗು ಕುರ್ಚಿಯಲ್ಲಿ ಕೂರುವಂತಿಲ್ಲ. ಅಂಗಳದಲ್ಲಿದ್ದ ಕುರ್ಚಿಗಳೆಲ್ಲ ತಗ್ಗು. ನಾನು ಕೋಲೂರಿ ನಿಂತೇ ಇದ್ದೆ. ಮನೆಯಾಕೆ ಏನೂ ಕೇಳಲಿಲ್ಲ. ಒಳಗೆ ಹೋಗಿ ಊಟದ ಮೇಜಿನ ಎತ್ತರದ ಕುರ್ಚಿ ಎತ್ತಿಕೊಂಡು ಬಂದರು, ಮೇಲೊಂದು ದಿಂಬು ಹಾಕಿದರು. ಅವರ ಅಮ್ಮನಿಗೂ ಇದೇ ಆಪರೇಷನ್ ಆಗಿತ್ತಂತೆ. ಹಕ್ಕಿ ಬಂತು, ಫೀಡರ್ ಬಿಟ್ಟು ಗಾಳಿಯಲ್ಲಿ ನೊಣ ಹಿಡಿಯುತ್ತಾ ಬಹಳ ಹೊತ್ತು ಇತ್ತು. ಆಕೆಗೆ ಸರಿಯಾಗಿ ಎರಡು ಮಾತು ಹೇಳಲೂ ನನಗೆ ಆಗಲಿಲ್ಲ, ಗಂಟಲು ಕಟ್ಟಿತ್ತು. ಆ ಎರಡು ಮಾತು ಇಲ್ಲಿ ಹೇಳುತ್ತಿದ್ದೇನೆ. ಅಮ್ಮಾ, ನಿಮ್ಮಿಂದ ತುಂಬಾ ಉಪಕಾರವಾಯಿತು.

ಈ ಕೆಲಸ ಸುಲಭದ್ದಲ್ಲ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು. ಬಣ್ಣ ಹಾಕಬಾರದು, ಜೇನುತುಪ್ಪ ಬೇಡವೇ ಬೇಡ. ಆ ಬಿಸಿಲಿಗೆ ನೀರು ಬೇಗ ಕೆಡುತ್ತದೆ, ಹಾಗಾಗಿ ಮತ್ತೆ ಮತ್ತೆ ತೊಳೆದು ತುಂಬಬೇಕು. ಬೇಸಿಗೆ ಮುಗಿಯುವ ಹೊತ್ತಿಗೆ ಮಕರಂದ ಕುಡಿಯುವ ಬಾವಲಿಗಳು ಬಂದು ರಾತ್ರಿ ಎಲ್ಲ ಖಾಲಿ ಮಾಡುತ್ತವೆ. ಕಣಿವೆಯ ಮನೆಗಳಲ್ಲಿ ಕರಡಿ ಬಂದು ಫೀಡರ್ ಕಿತ್ತುಹಾಕುವುದೂ ಉಂಟು. ಇಷ್ಟೆಲ್ಲ ಮಾಡಿ, ಮೇಲಿಂದ ಊರವರಿಗೆಲ್ಲ ಅಂಗಳ ಬಿಟ್ಟುಕೊಡಬೇಕು ಅಂತ ಯಾವ ಕಾನೂನೂ ಇಲ್ಲ, ಅಲ್ವಾ?

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮಳೆಗಾಲ. ಅವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಆಗಸ್ಟ್‌ನಲ್ಲಿ ಹಮ್ಮಿಂಗ್‌ಬರ್ಡ್ ಜಾಸ್ತಿ. ಆ ಕಡೆ ಹೋಗುವ ಕನ್ನಡದವರು ಇದ್ದರೆ, ಮನೆಯವರು ಬರಬಹುದು ಅಂದಿದ್ದರೆ ಮಾತ್ರ ಒಳಗೆ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಅಪ್ಪ ಅಮ್ಮ ಊರಿಂದ ಬಂದಿದ್ದರೆ ಅವರನ್ನೂ. ಮಂಡಿನೋವಿನವರೂ ಆರಾಮಾಗಿ ಕೂತು ನೋಡಬಹುದು. ಸಕ್ಕರೆ ಡಬ್ಬಿ ಇದ್ದರೆ ಧಾರಾಳವಾಗಿ ಹಾಕಿ. ಮನೆಯವರು ಕಂಡರೆ ನನ್ನ ಪರವಾಗಿಯೂ ಒಂದು ಥ್ಯಾಂಕ್ಸ್ ಹೇಳಿ.