ಹಣಕಾಸಿನ ಪಾಠ ಪೇ ಸ್ಲಿಪ್‌ನಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹಣಕಾಸು ಪುಟವನ್ನು ತಪ್ಪದೇ ಓದುವವಳು ನಾನು. ಬೆಂಗಳೂರಿನ ಲಗ್ಗೆರೆ, ರಾಜಗೋಪಾಲನಗರದ ಸುತ್ತಮುತ್ತ ಅಂಚೆ ಉಳಿತಾಯದ ಮಹಿಳಾ ಏಜೆಂಟ್ ಆಗಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆಮನೆಗೆ ಹೋಗಿ ಆರ್‌ಡಿ, ಅಂದರೆ ತಿಂಗಳು ತಿಂಗಳೂ ಕಟ್ಟುವ ಉಳಿತಾಯ ಖಾತೆಯ ಹಣ ಪಡೆದು ಪೋಸ್ಟ್ ಆಫೀಸಿಗೆ ಕಟ್ಟುವುದು ನನ್ನ ಕೆಲಸ. ಕಟ್ಟಿದ ಹಣಕ್ಕೆ ಶೇ 4ರಷ್ಟು ಕಮಿಷನ್ ಬರುತ್ತದೆ. ಓದುವವರಿಗೆ ಇದು ಗೊತ್ತಿರಲಿ ಅಂತ ಮೊದಲೇ ಹೇಳುತ್ತಿದ್ದೇನೆ. ನನ್ನ ಬಳಿ ಖಾತೆ ಮಾಡಿಸಿದವರಲ್ಲಿ ಹೆಚ್ಚಿನವರು ಪೀಣ್ಯ ಕಡೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಣ್ಣುಮಕ್ಕಳು.

ಪತ್ರಿಕೆಯಲ್ಲಿ, ಟಿವಿಯಲ್ಲಿ, ಮೊಬೈಲಿನಲ್ಲಿ ಬರುವ ಹಣಕಾಸಿನ ಸಲಹೆಗಳಿಂದ ಇಂಥ ಮನೆಗಳಲ್ಲಿ ನಾಲ್ಕು ಕಾಸು ಉಳಿಯುತ್ತದಾ? ನಾನು ಕಣ್ಣಾರೆ ಕಂಡ ಮಟ್ಟಿಗೆ, ತುಂಬಾ ಕಮ್ಮಿ. ಸಲಹೆಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವು ಶುರುವಾಗುವ ಜಾಗವೇ ಬೇರೆ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಮಿಕ್ಕಿದೆ, ಅದನ್ನು ಎಲ್ಲಿ ಹಾಕೋಣ ಅನ್ನುವವರಿಗೆ ಅವು ಸರಿ. ನಾನು ಹೋಗುವ ಮನೆಗಳಲ್ಲಿ ದುಡ್ಡು ಸೋರುವುದು ಅದಕ್ಕೂ ಎಷ್ಟೋ ಮುಂಚೆ.

‘ದಿನಕ್ಕೆ 100 ರೂಪಾಯಿ ಉಳಿಸಿ, ಕೋಟ್ಯಧಿಪತಿಯಾಗಿ’ ಅನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಲೆಕ್ಕ ಹಾಕಿ ನೋಡಿದೆ. ತಿಂಗಳಿಗೆ 3,000 ರೂಪಾಯಿಯಂತೆ 30 ವರ್ಷ ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತು ಕಟ್ಟಿ, ವರ್ಷಕ್ಕೆ ಶೇ 12ರಷ್ಟು ಬೆಳೆದರೆ 1 ಕೋಟಿ 5 ಲಕ್ಷ ದಾಟುತ್ತದೆ. ಲೆಕ್ಕವೇನೋ ಸರಿ. ಆದರೆ ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಆ ಕೋಟಿಗೆ ಇವತ್ತಿನ ಬೆಲೆ ಸುಮಾರು 18 ಲಕ್ಷ. ಶೇ 12 ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, 30 ವರ್ಷ ಒಂದು ತಿಂಗಳೂ ತಪ್ಪದೆ ಕಟ್ಟಬೇಕು. ನಾಲ್ಕು ವರ್ಷ ಕಟ್ಟಿ, ಮಗಳ ಕಾಲೇಜು ಫೀಸಿಗೆ ಅಂತ ತೆಗೆದರೆ ಅದೇ ಶೇ 12ರ ಲೆಕ್ಕದಲ್ಲೂ ಸಿಗುವುದು 1 ಲಕ್ಷ 85 ಸಾವಿರ. ಅದರಲ್ಲಿ 1 ಲಕ್ಷ 44 ಸಾವಿರ ಅವರೇ ಹಾಕಿದ ದುಡ್ಡು. ಹಣ ಹೆಚ್ಚಾಗಿ ಬೆಳೆಯುವುದು ಕೊನೆಯ ಹತ್ತು ವರ್ಷದಲ್ಲಿ. ಅಲ್ಲಿಯವರೆಗೆ ಮುಟ್ಟದೆ ಬಿಡಲು ಯಾರಿಗೆ ಆಗುತ್ತದೆ ಅನ್ನುವುದನ್ನು ಯಾವ ಅಂಕಣವೂ ಕೇಳುವುದಿಲ್ಲ.

ಒಂದು ಮನೆಯ ತಿಂಗಳ ಲೆಕ್ಕ ಕೊಡುತ್ತೇನೆ. ಹೆಂಡತಿ ಟೈಲರ್, ಕೈಗೆ ಬರುವುದು 13,000. ಗಂಡ ಬಾಡಿಗೆ ಆಟೊ ಓಡಿಸುತ್ತಾರೆ, ಗ್ಯಾಸು, ಆಟೊ ಬಾಡಿಗೆ ಕಳೆದು ಒಳ್ಳೆಯ ತಿಂಗಳಲ್ಲಿ 12,000. ಮನೆ ಬಾಡಿಗೆ 7,000. ರೇಷನ್, ತರಕಾರಿ, ಹಾಲು, ಸಿಲಿಂಡರ್ ಎಲ್ಲ ಸೇರಿ 8,000. ಎರಡು ಮಕ್ಕಳ ಶಾಲೆಗೆ 3,500. ಸಂಘದ ಸಾಲದ ಕಂತು 2,650. ಊರಲ್ಲಿರುವ ಅತ್ತೆಗೆ 1,500. ಫೋನ್ ರೀಚಾರ್ಜು, ಮಾತ್ರೆ, ಮತ್ತೊಂದು ಅಂತ 1,200. ಇಷ್ಟಾದ ಮೇಲೂ ಆಕೆ ನನ್ನ ಕೈಗೆ ಆರ್‌ಡಿಗೆ ಅಂತ 1,000 ಕೊಡುತ್ತಾರೆ. ಉಳಿಯುವುದು 150 ರೂಪಾಯಿ. ಇದರಲ್ಲಿ ಹಬ್ಬ ಇಲ್ಲ, ಮದುವೆಯ ಮುಯ್ಯಿ ಇಲ್ಲ, ಜೂನ್ ತಿಂಗಳ ಯೂನಿಫಾರ್ಮ್, ಪುಸ್ತಕ ಇಲ್ಲ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಇವಕ್ಕೆಲ್ಲ ಸ್ವಲ್ಪ ಉಸಿರಾಡಲು ಜಾಗ.

ಗಳಿಕೆಯಲ್ಲಿ ಶೇ 50 ಅಗತ್ಯಕ್ಕೆ, 30 ಆಸೆಗಳಿಗೆ, 20 ಉಳಿತಾಯಕ್ಕೆ ಅನ್ನುವ 50-30-20 ಸೂತ್ರವನ್ನು ಈ ಮನೆಗೆ ಹೇಳಿ ನೋಡಿ. ಅಗತ್ಯಕ್ಕೆ ಅರ್ಧ ಅಂದರೆ 12,500. ಬಾಡಿಗೆ ಮತ್ತು ಊಟಕ್ಕೇ 15,000 ಆಗಿಹೋಯಿತು. ಆಸೆಗಳಿಗೆ ಶೇ 30 ಅಂದರೆ 7,500. ಆ ಸಾಲು ಈ ಮನೆಯಲ್ಲಿ ಇಲ್ಲವೇ ಇಲ್ಲ. ಮೊದಲು ಉಳಿಸಿ ಆಮೇಲೆ ಖರ್ಚು ಮಾಡಿ ಅನ್ನುವ ಪಾಠವನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಬಳ ಆಗುವುದು 7ರಿಂದ 10ನೇ ತಾರೀಖಿನೊಳಗೆ. ‘ಅಕ್ಕ, 8ಕ್ಕೇ ಬಂದುಬಿಡಿ, 12ಕ್ಕೆ ಬಂದರೆ ನನ್ನ ಹತ್ರ ಇರಲ್ಲ’ ಅಂತ ಅವರೇ ಹೇಳುತ್ತಾರೆ. ಅದಕ್ಕೇ ನಾನು ಇವರ ಖಾತೆಗಳನ್ನೆಲ್ಲ ತಿಂಗಳ ಮೊದಲ ಹದಿನೈದು ದಿನದೊಳಗೆ ಮಾಡಿಸುತ್ತೇನೆ. ಹಾಗೆ ಮಾಡಿಸಿದರೆ ಪ್ರತಿ ತಿಂಗಳೂ 15ರೊಳಗೆ ಕಂತು ಕಟ್ಟಬೇಕಾಗುತ್ತದೆ, ದುಡ್ಡು ಕೈ ಜಾರುವ ಮೊದಲೇ ಖಾತೆಗೆ ಹೋಗುತ್ತದೆ.

ಬಡವರಿಗೆ ದುಡ್ಡಿನ ತಿಳಿವಳಿಕೆ ಇಲ್ಲ, ನಾಳೆಯ ಚಿಂತೆ ಇಲ್ಲ ಅಂತ ಬರೆಯುವವರಿಗೆ 2016ರ ಏಪ್ರಿಲ್ ನೆನಪಿಸಬೇಕು. ಪಿಎಫ್‌ಗೆ, ಅಂದರೆ ಭವಿಷ್ಯ ನಿಧಿಗೆ, ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ತಮ್ಮ ದುಡ್ಡು ಎಲ್ಲಿದೆ, ಅದು ಯಾವಾಗ ಬೇಕಾಗುತ್ತದೆ ಅಂತ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. 58ರವರೆಗೆ ಹೊಲಿಗೆ ಮೆಷಿನ್ ಮುಂದೆ ಕೂರಲು ಯಾರ ಬೆನ್ನಿಗೂ ಆಗುವುದಿಲ್ಲ ಅಂತಲೂ ಗೊತ್ತಿತ್ತು.

ಹಾಗಾದರೆ ಇವರಿಗೆ ಯಾವ ಮಾಹಿತಿ ಬೇಕು? ಮೇಲೆ ಲೆಕ್ಕ ಕೊಟ್ಟೆನಲ್ಲ, ಅದೇ ಮನೆಯ ಕಥೆ ಕೇಳಿ. ಹೋದ ವರ್ಷ ಗಂಡನಿಗೆ ಕಿಡ್ನಿಯಲ್ಲಿ ಕಲ್ಲು ಅಂತ ಆಪರೇಷನ್ ಆಯಿತು. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದರು. ಬಿಲ್ಲು 58,000. ಆರ್‌ಡಿ ಎರಡು ವರ್ಷ ಕಟ್ಟಿದ್ದರು. ಒಂದು ವರ್ಷ ಕಂತು ಕಟ್ಟಿದ ಮೇಲೆ, ಕಟ್ಟಿದ ಹಣದ ಅರ್ಧದಷ್ಟು ಸಾಲ ಸಿಗುತ್ತದೆ. ಹಾಗೆ 12,000 ಕೈಗೆ ಬಂತು. ಮಿಕ್ಕಿದ್ದಕ್ಕೆ ತಾಳಿ ಸರ ಗಿರವಿಗೆ ಹೋಯಿತು. ಆಮೇಲೆ ಒಂದು ಸಂಜೆ ಆಕೆಯ ಪೇ ಸ್ಲಿಪ್ ನೋಡುತ್ತಾ ಕೂತಿದ್ದೆ. ಇಎಸ್‌ಐಗೆ, ಅಂದರೆ ನೌಕರರಿಗೆ ಚಿಕಿತ್ಸೆ ಕೊಡುವ ಸರ್ಕಾರಿ ವಿಮೆಗೆ ಅಂತ ತಿಂಗಳು ತಿಂಗಳೂ ಕಡಿತ ಆಗುತ್ತಿದೆ. ಸಂಬಳದಿಂದ ಶೇ 0.75, ಮಾಲೀಕರ ಕಡೆಯಿಂದ ಶೇ 3.25. ‘ಇಎಸ್‌ಐ ಆಸ್ಪತ್ರೆಗೆ ಯಾಕಮ್ಮ ಹೋಗಲಿಲ್ಲ?’ ಅಂತ ಕೇಳಿದೆ. ‘ಅದು ನನಗೆ ಮಾತ್ರ ಅಲ್ವಾ ಅಕ್ಕ?’ ಅಂದರು. ಕಾರ್ಡಿನಲ್ಲಿ ಗಂಡನ ಹೆಸರನ್ನೇ ಸೇರಿಸಿರಲಿಲ್ಲ. ಕೆಲಸಕ್ಕೆ ಸೇರುವಾಗ ತುಂಬಿದ ಫಾರಂನಲ್ಲಿ ಆ ಜಾಗ ಖಾಲಿ ಬಿಟ್ಟಿತ್ತು, ಆಮೇಲೆ ಯಾರೂ ಕೇಳಿರಲಿಲ್ಲ.

ಗಂಡ, ಮಕ್ಕಳು, ಅವಲಂಬಿತರಾದ ಅಪ್ಪ ಅಮ್ಮ, ಇವರಿಗೂ ಇಎಸ್‌ಐನಲ್ಲಿ ಚಿಕಿತ್ಸೆ ಇದೆ. ಹೆಸರು ಸೇರಿಸಲು ಒಂದು ಪೈಸೆ ಖರ್ಚಿಲ್ಲ. ಆ ಒಂದು ಸಾಲು ತುಂಬಿದ್ದರೆ ಆ ಸರ ಇವತ್ತಿಗೂ ಆಕೆಯ ಕೊರಳಲ್ಲೇ ಇರುತ್ತಿತ್ತು. ಆಕೆಯ ಐದು ವರ್ಷದ ಆರ್‌ಡಿಗೆ ಬರುವ ಬಡ್ಡಿಗಿಂತ ಜಾಸ್ತಿ ಲಾಭ ಅದರಲ್ಲಿತ್ತು. ಇದನ್ನು ಯಾವ ಹಣಕಾಸು ಪುಟದಲ್ಲೂ ನಾನು ಓದಿಲ್ಲ. ಅದೇ ನನಗೆ ತುಂಬಾ ಬೇಸರದ ವಿಷಯ.

ಪಿಎಫ್ ವಿಷಯವೂ ಹಾಗೇ. ಸಾಲ ಕುತ್ತಿಗೆಗೆ ಬಂದಾಗ ಇವರಿಗೆ ಕಾಣುವ ದಾರಿ ಒಂದೇ: ಕೆಲಸ ಬಿಡುವುದು, ಪಿಎಫ್ ತೆಗೆಯುವುದು, ಪಕ್ಕದ ಫ್ಯಾಕ್ಟರಿಗೆ ಸೇರುವುದು. ನಾಲ್ಕು ವರ್ಷ ಕಳೆದವರು, ನಾಲ್ಕೂವರೆ ವರ್ಷ ಆದವರು ಹೀಗೆ ಬಿಟ್ಟಿದ್ದನ್ನು ನೋಡಿದ್ದೇನೆ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು ಸಿಗುತ್ತಿತ್ತು. ಮೂಲ ವೇತನ ಮತ್ತು ತುಟ್ಟಿಭತ್ಯೆ (ಡಿಎ) ಸೇರಿ ತಿಂಗಳಿಗೆ 12,000 ಇದ್ದವರಿಗೆ ಐದು ವರ್ಷಕ್ಕೆ 34,600 ರೂಪಾಯಿ. ಪಿಎಫ್‌ಗೆ 2024-25ರಲ್ಲಿ ಕೊಟ್ಟ ಬಡ್ಡಿ ಶೇ 8.25. ನಾನು ಮಾಡಿಸುವ ಆರ್‌ಡಿಗೆ ಈಗ ಶೇ 6.7. ತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿದರೆ ಬಡ್ಡಿಯೂ ಮುಂದುವರಿಯುತ್ತದೆ, ಸರ್ವಿಸ್ ಕೂಡಿ ಹತ್ತು ವರ್ಷ ಆದರೆ 58ಕ್ಕೆ ಪೆನ್ಷನ್ನೂ ಇದೆ. ಇನ್ನೊಂದು ಮಾತು. ಪಿಎಫ್ ಸದಸ್ಯರು ಕೆಲಸದಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ ಇಡಿಎಲ್‌ಐ ಅನ್ನುವ ವಿಮೆಯಲ್ಲಿ 7 ಲಕ್ಷದವರೆಗೆ ಸಿಗುತ್ತದೆ. ಅದಕ್ಕೆ ನೌಕರರು ಪ್ರೀಮಿಯಂ ಕಟ್ಟಬೇಕಾಗಿಲ್ಲ. ನಾಮಿನಿ ಹೆಸರು ಸರಿಯಾಗಿರಬೇಕು ಅಷ್ಟೇ. ಮದುವೆಗೆ ಮುಂಚೆ ಬರೆಸಿದ ಹೆಸರೇ ಎಷ್ಟೋ ಖಾತೆಗಳಲ್ಲಿ ಹಾಗೇ ಇದೆ.

ಒಳ್ಳೆಯ ಸಲಹೆಗಳನ್ನು ಒಳ್ಳೆಯದು ಅಂತ ಹೇಳಲೇಬೇಕು. ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಇವನ್ನು ನಿಮ್ಮ ಪುಟ ನೋಡಿಯೇ ನಾನು ಎಲ್ಲರಿಗೂ ಹೇಳಲು ಶುರು ಮಾಡಿದ್ದು. ಷೇರುಗಳ ಮುಂದಿನ ಬೆಲೆಯ ಮೇಲೆ ಬಾಜಿ ಕಟ್ಟಿದಂಥ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿನ ಬಗ್ಗೆ ಷೇರು ಪೇಟೆಯ ನಿಯಂತ್ರಕರಾದ ಸೆಬಿ 2024ರಲ್ಲಿ ಕೊಟ್ಟ ವರದಿಯನ್ನು ಮತ್ತೆ ಮತ್ತೆ ಹಾಕಬೇಕು. ಮೂರು ವರ್ಷದಲ್ಲಿ ಅಲ್ಲಿಗೆ ಹೋದ ಸಾಮಾನ್ಯರಲ್ಲಿ ಶೇ 93 ಮಂದಿ ದುಡ್ಡು ಕಳೆದುಕೊಂಡರು. ತಾಯಿ ಬೆರಳು ಸವೆಸಿ ಹೊಲಿದ ದುಡ್ಡನ್ನು ಮಗ ಮೊಬೈಲಿನಲ್ಲಿ ಒಂದು ಬೆಳಗಿನಲ್ಲಿ ಕಳೆದದ್ದನ್ನು ಕಂಡಿದ್ದೇನೆ. ಆ ಹುಡುಗನೂ ಸಲಹೆ ಕೇಳಿಯೇ ಇಳಿದದ್ದು, ವಿಡಿಯೊ ನೋಡಿ.

ಎಸ್‌ಐಪಿ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಸಂಘದ ಸಾಲಕ್ಕೆ ಶೇ 24ರ ಆಸುಪಾಸು ಬಡ್ಡಿ ಕಟ್ಟುತ್ತಿರುವವರು, ಕೈಯಲ್ಲಿ ಹೆಚ್ಚಿಗೆ ಏನಾದರೂ ಬಂದರೆ ಮೊದಲು ಆ ಸಾಲ ತೀರಿಸಲಿ. 50,000ಕ್ಕೆ ಎರಡು ವರ್ಷದಲ್ಲಿ ಬಡ್ಡಿಯೇ 13,000 ದಾಟುತ್ತದೆ. ಅಷ್ಟು ದುಡಿದುಕೊಡುವ ಹೂಡಿಕೆ ನನಗಂತೂ ಗೊತ್ತಿಲ್ಲ. ನನ್ನ ಆರ್‌ಡಿಯೂ ಅಷ್ಟು ಕೊಡುವುದಿಲ್ಲ. ತಿಂಗಳಿಗೆ 1,000ದಂತೆ ಐದು ವರ್ಷ ಕಟ್ಟಿದರೆ 71,000 ಚಿಲ್ಲರೆ ಸಿಗುತ್ತದೆ. ಯಾರೂ ಅದರಿಂದ ಶ್ರೀಮಂತರಾಗುವುದಿಲ್ಲ. ಒಂದು ಮೊತ್ತ ಕೈ ಸೇರುತ್ತದೆ, ಅದರ ಬೆಲೆ ಗೊತ್ತಿರುವುದು ಅದನ್ನು ಎದುರು ನೋಡಿದವರಿಗೇ.

ಆ ಮೊತ್ತ ಎಲ್ಲಿಗೆ ಹೋಗುತ್ತದೆ ಗೊತ್ತಾ? ನಮ್ಮ ಕಡೆ ಬಹಳ ಜನ ಅದನ್ನು ಕೂಡಿಸಿ ಮನೆ ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ, ಲೀಸ್ ಅಂತಾರಲ್ಲ ಅದು. ಆರ್‌ಡಿ ದುಡ್ಡು, ಪಿಎಫ್ ಮುಂಗಡ, ಚೀಟಿ, ಅಣ್ಣನ ಕೈ ಸಾಲ ಎಲ್ಲ ಸೇರಿಸಿ 5 ಲಕ್ಷ ಕೊಟ್ಟರೆ ತಿಂಗಳ 7,000 ಬಾಡಿಗೆ ನಿಲ್ಲುತ್ತದೆ. ವರ್ಷಕ್ಕೆ 84,000, ಅಂದರೆ ಕೊಟ್ಟ ದುಡ್ಡಿನ ಶೇ 16ರ ಮೇಲೆ. ಬಾಡಿಗೆ ನಿಂತ ಮೇಲೆ ಕೈ ಸ್ವಲ್ಪ ಆಡಿ, ಮಗಳನ್ನು ನರ್ಸಿಂಗ್ ಓದಿಸಿದ ಕುಟುಂಬ ನನ್ನ ಪರಿಚಯದಲ್ಲೇ ಇದೆ. ನನ್ನ ಕಣ್ಣೆದುರು ಮೇಲೆ ಬಂದವರಲ್ಲಿ ಜಾಸ್ತಿ ಜನ ಬಂದಿದ್ದು ಇದೇ ದಾರಿಯಲ್ಲಿ. ಹೂಡಿಕೆ ಅಂಕಣಗಳಲ್ಲಿ ಈ ಮಾತೇ ಬರುವುದಿಲ್ಲ.

ಅಪಾಯವೂ ಅಲ್ಲೇ ಇದೆ. ಕರಾರು ಬರೀ ಛಾಪಾ ಕಾಗದದಲ್ಲಿ, ನೋಂದಣಿ ಇಲ್ಲ. ಮಾಲೀಕರು ಅದೇ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿರುತ್ತಾರೆ. ಕಂತು ನಿಂತು ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದ ದಿನವೇ ಭೋಗ್ಯಕ್ಕಿದ್ದವರಿಗೆ ವಿಷಯ ಗೊತ್ತಾಗುವುದು. ಹತ್ತು ವರ್ಷದ ದುಡಿಮೆ ಒಂದು ಕಾಗದದ ತಪ್ಪಿಗೆ ಹೋಗುತ್ತದೆ. ದುಡ್ಡು ಕೊಡುವ ಮುಂಚೆ ಕಾವೇರಿ ವೆಬ್‌ಸೈಟಿನಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ ನೋಡುವುದು, ಮೂಲ ಪತ್ರಗಳು ಮಾಲೀಕರ ಕೈಯಲ್ಲೇ ಇವೆಯಾ ಅಂತ ಕೇಳುವುದು, ಭೋಗ್ಯದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ಹೇಗೆ ಅಂತ ಒಬ್ಬ ವಕೀಲರಿಂದ ಅರ್ಧ ಪುಟ ಬರೆಸಿದರೆ ಎಷ್ಟು ಮನೆಗಳು ಉಳಿಯುತ್ತವೆ!

ಸಂಪಾದಕರೇ, ಮ್ಯೂಚುವಲ್ ಫಂಡ್‌ಗಳ ಬಗ್ಗೆ ಬರೆಯಿರಿ, ಅದು ಬೇಕಾದವರೂ ಇದ್ದಾರೆ. ಅದರ ಪಕ್ಕದಲ್ಲಿ ವಾರಕ್ಕೊಂದು ಸಣ್ಣ ಅಂಕಣ ಕೊಡಿ ಅಂತ ನನ್ನ ಕೋರಿಕೆ. ಪೇ ಸ್ಲಿಪ್‌ನ ಒಂದೊಂದು ಕಡಿತದ ಅರ್ಥ ಏನು, ಪಿಎಫ್ ಪಾಸ್‌ಬುಕ್ ಮೊಬೈಲಿನಲ್ಲಿ ನೋಡುವುದು ಹೇಗೆ, ಮಾಲೀಕರು ತಮ್ಮ ಪಾಲು ಕಟ್ಟದಿದ್ದರೆ ಎಲ್ಲಿ ದೂರು ಕೊಡಬೇಕು, ಕನಿಷ್ಠ ವೇತನ ಈಗ ಎಷ್ಟು, ಇವೆಲ್ಲ ಅಲ್ಲಿ ಬರಲಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ಸಂಜೆ ಏಳೂವರೆಗೆ ಕೆಲಸದಿಂದ ಬಂದವರ ಕಣ್ಣು ಸೋತಿರುತ್ತದೆ. ಮೊದಲ ವಾರ ಇಎಸ್‌ಐ ಕಾರ್ಡಿಗೆ ಮನೆಯವರ ಹೆಸರು ಸೇರಿಸುವುದು ಹೇಗೆ ಅಂತ ಹಾಕಿ. ತಿಂಗಳ 7ನೇ ತಾರೀಖಿನೊಳಗೆ ಬಂದರೆ ಅದನ್ನು ಜೆರಾಕ್ಸ್ ಮಾಡಿಸಿ, ನಾನು ಹೋಗುವ ಪ್ರತಿ ಮನೆಗೂ ಆರ್‌ಡಿ ಕಾರ್ಡಿನ ಜೊತೆ ಕೊಟ್ಟು ಬರುತ್ತೇನೆ.

– ಅಂಚೆ ಉಳಿತಾಯದ ಏಜೆಂಟ್, ಲಗ್ಗೆರೆ, ಬೆಂಗಳೂರು